ಫೈಲ್ ಉಳಿಯಿತು, ಅಕ್ಷರ ಉಳಿಯಿತೇ?

ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸುವ ಮುನ್ನ ಕನ್ನಡಿಗರು ತಾಳೆ ನೋಡಬೇಕಾದ ಲೆಕ್ಕ

ಗಿಂಡಿ: ಇಲ್ಲಿನ ಕೈಗಾರಿಕಾ ವಸಾಹತಿನ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದು ನಿವೃತ್ತರಾದ ಹಿರಿಯ ಕನ್ನಡಿಗರೊಬ್ಬರು 2025ರ ನವೆಂಬರಿನ ಒಂದು ಸಂಜೆ ಮನೆಯ ಕಂಪ್ಯೂಟರ್ ಮುಂದೆ ಕುಳಿತು ಒಂದು ಫೈಲ್ ತೆರೆದರು. ಕಂಪ್ಯೂಟರ್ ಅಂದೇ ಮಧ್ಯಾಹ್ನ ಅಂಗಡಿಯಿಂದ ಬಂದಿತ್ತು. ವಿಂಡೋಸ್ 10 ತೆಗೆದು ವಿಂಡೋಸ್ 11 ಹಾಕಿಸಲಾಗಿತ್ತು. ಫೋಟೋಗಳು ಇದ್ದವು, ಫೋಲ್ಡರುಗಳೂ ಇದ್ದವು. ತೆರೆದ ಫೈಲಿನಲ್ಲಿ ಮಾತ್ರ ಕನ್ನಡದ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಅಲ್ಲಲ್ಲಿ ಬ್ರಿಟಿಷ್ ಪೌಂಡಿನ ಗುರುತು. ಪುಟದ ತುಂಬ ಅದೇ.

ಅದು ಅವರ ದಿವಂಗತ ಪತ್ನಿ ಟೈಪ್ ಮಾಡಿಟ್ಟಿದ್ದ ಹಾಡಿನ ಫೈಲ್. ಕುಂದಾಪುರ ಕಡೆಯ ತವರಿನಲ್ಲಿ ಅಮ್ಮ, ಅಜ್ಜಿಯರಿಂದ ಕಲಿತ ಆರತಿ ಹಾಡು, ಶೋಭಾನೆ, ತೊಟ್ಟಿಲ ಹಾಡುಗಳನ್ನು ಆಕೆ 2004ರಿಂದ ಬಿಡುವಾದಾಗಲೆಲ್ಲ ಕುಳಿತು ಕನ್ನಡದಲ್ಲಿ ಟೈಪ್ ಮಾಡಿದ್ದರು. ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಅಳತೆಗಳು. ಯಾರ ಮದುವೆ ಯಾವ ಇಸವಿ, ಯಾರ ಮಕ್ಕಳು ಯಾರು ಎಂಬ ಮನೆತನದ ಪಟ್ಟಿ. ಚೆನ್ನೈಯಲ್ಲಿ ಹುಟ್ಟಿ ಬೆಳೆದ ಮಕ್ಕಳು ಮೊಮ್ಮಕ್ಕಳಿಗೆ ಇರಲಿ ಎಂದು ಮಾಡಿದ ಕೆಲಸ ಅದು.

"ಫೈಲೆಲ್ಲ ಇದೆಯಲ್ಲ ಅಜ್ಜಯ್ಯ, ಯಾಕೆ ಗಾಬರಿ?" ಎಂದ ಮೊಮ್ಮಗ. ಅವನು ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ, ಓದಲು ಬರುವುದು ತಮಿಳು ಮತ್ತು ಇಂಗ್ಲಿಷ್. ಅಂಗಡಿಯಲ್ಲಿ ಫೈಲುಗಳನ್ನು ಎಣಿಸಿ ನೋಡಿದ್ದ, ಓದಿ ನೋಡಿರಲಿಲ್ಲ.

"ಫೈಲ್ ಇದೆ ಮಾಣಿ, ಅಕ್ಷರ ಎಲ್ಲಿ?" ಎಂದರು ಹಿರಿಯರು.

ಹೆಸರು ಪತ್ರಿಕೆಯಲ್ಲಿ ಬೇಡ ಎಂದು ಕೇಳಿಕೊಂಡ ಈ ಹಿರಿಯರ ಪ್ರಶ್ನೆ ಅವರೊಬ್ಬರದೇ ಅಲ್ಲ. ಇಪ್ಪತ್ತು ವರ್ಷಗಳಿಂದ ಕಂಪ್ಯೂಟರಿನಲ್ಲಿ ಕನ್ನಡ ಬರೆದಿಟ್ಟ ಪ್ರತಿ ಮನೆಯ, ಪ್ರತಿ ಕನ್ನಡ ಸಂಘದ ಪ್ರಶ್ನೆ. ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆ ಬದಲಾಯಿಸುವಾಗ ಇಂಗ್ಲಿಷಿನಲ್ಲಿ ಬರೆದವರು ಫೈಲ್ ಉಳಿಸಿಕೊಂಡರೆ ಸಾಕು. ಕನ್ನಡದಲ್ಲಿ ಬರೆದವರು ಫೈಲನ್ನೂ ಅದನ್ನು ಓದಿಸುವ ಅಕ್ಷರವನ್ನೂ ಉಳಿಸಿಕೊಳ್ಳಬೇಕು.

ಯಾಕೆ ಈಗ ಈ ಗಡಿಬಿಡಿ?

2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಿಂದೆ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಇದೇ ಆಗಿತ್ತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿ ಸಿಗುವ ವ್ಯವಸ್ಥೆಯನ್ನೂ ಕಂಪನಿ ಪ್ರಕಟಿಸಿತು. ಅದು ಗಡುವಿನ ವಿಸ್ತರಣೆಯೇ ಹೊರತು ಪರಿಹಾರವಲ್ಲ.

ಬೆಂಬಲ ನಿಂತ ಮಾತ್ರಕ್ಕೆ ಕಂಪ್ಯೂಟರ್ ನಿಲ್ಲುವುದಿಲ್ಲ. ಮರುದಿನವೂ ಎಂದಿನಂತೆ ಓಡುತ್ತದೆ. ಆದರೆ ಹೊಸದಾಗಿ ಕಂಡುಬರುವ ದೋಷಗಳಿಗೆ ತಿದ್ದುಪಡಿ ಬರುವುದಿಲ್ಲ. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ 'ವನ್ನಾಕ್ರೈ' ಎಂಬ ಕುತಂತ್ರಾಂಶ ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮಾರ್ಚ್‌ನಲ್ಲೇ ತಿದ್ದುಪಡಿ ಬಂದಿತ್ತು. ಹಾಕಿಕೊಳ್ಳದವರು, ಬೆಂಬಲವಿಲ್ಲದ ಹಳೆಯ ವಿಂಡೋಸ್ ಇದ್ದವರು ಅಪಾಯಕ್ಕೆ ಒಡ್ಡಿಕೊಂಡಿದ್ದರು. ಮನೆಯ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡುವವರಿಗೆ, ಸಂಘದ ಲೆಕ್ಕ ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಬದಲಾಯಿಸುವುದು ಸರಿ. ಬದಲಾಯಿಸುವ ರೀತಿಯಲ್ಲಿ ಎಚ್ಚರ ಬೇಕು.

ಅಂಗಡಿಯಲ್ಲಿ ಆದದ್ದೇನು?

ಗಿಂಡಿಯ ಆ ಕಂಪ್ಯೂಟರ್ 2019ರಲ್ಲಿ ಕೊಂಡದ್ದು. ವಿಂಡೋಸ್ 11 ಹಾಕಲು ಅರ್ಹತೆ ಇದ್ದ ಯಂತ್ರ. ಹಳೆಯದರ ಮೇಲೆಯೇ ಹೊಸದನ್ನು ಹಾಕಿದ್ದರೆ ಫೈಲುಗಳು, ತಂತ್ರಾಂಶಗಳು, ಫಾಂಟುಗಳು ಇದ್ದಲ್ಲೇ ಇರುತ್ತಿದ್ದವು. ಅಂಗಡಿಯವರು ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರುಗಳನ್ನು ನಕಲು ಮಾಡಿಕೊಂಡು, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ, ನಕಲನ್ನು ಹಿಂದಕ್ಕೆ ಇಟ್ಟುಕೊಟ್ಟರು. "ಡಾಟಾ ಎಲ್ಲ ಇದೆ" ಎಂದರು. ಅವರ ಮಟ್ಟಿಗೆ ಅದು ನಿಜವೇ.

ಹೋದದ್ದು ಎರಡು. ಒಂದು, ಹಾಡುಗಳನ್ನು ಬರೆಯಲು ಬಳಸಿದ್ದ ನುಡಿ ತಂತ್ರಾಂಶ ಮತ್ತು ಅದರ ಫಾಂಟುಗಳು. 2019ರಲ್ಲಿ ಕಂಪ್ಯೂಟರ್ ಬದಲಾಯಿಸಿದಾಗ ನುಡಿಯನ್ನು ಮತ್ತೆ ಹಾಕಿಕೊಂಡದ್ದು ಪತ್ನಿಯೇ. ಹಾಗೆ ಹಾಕಬೇಕೆಂಬುದು ಮನೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಎರಡು, ಡೆಸ್ಕ್‌ಟಾಪ್ ಮೇಲೆ ಇದ್ದ 'ತಿದ್ದಬೇಕಾದ್ದು' ಎಂಬ ಒಂದು ಫೋಲ್ಡರ್. ಆಕೆ ಕಡೆಯ ದಿನಗಳಲ್ಲಿ ಬರೆದು, ಇನ್ನೂ ಸರಿಪಡಿಸಬೇಕು ಎಂದು ಬದಿಗಿಟ್ಟ ಹಾಡುಗಳು ಅದರಲ್ಲಿದ್ದವು. ಅಂಗಡಿಯವರು ಡೆಸ್ಕ್‌ಟಾಪ್ ನಕಲು ಮಾಡಿರಲಿಲ್ಲ. ಮನೆಯವರು ಹೇಳಿರಲೂ ಇಲ್ಲ.

ಮೊದಲನೆಯದು ವಾಪಸು ಬಂತು. ಎರಡನೆಯದು ಬರಲಿಲ್ಲ. ಆ ಯಂತ್ರದಲ್ಲಿದ್ದದ್ದು ಎಸ್‌ಎಸ್‌ಡಿ ಡಿಸ್ಕ್. ಹಳೆಯ ಕಾಲದ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲನ್ನು, ಅದರ ಮೇಲೆ ಬೇರೇನೂ ಬರೆಯದಿದ್ದರೆ, ಕೆದಕಿ ತೆಗೆಯುವ ಸಾಧ್ಯತೆ ಇರುತ್ತದೆ. ಎಸ್‌ಎಸ್‌ಡಿ ಅಳಿಸಿದ ಜಾಗವನ್ನು ತಾನೇ ಬೇಗ ಖಾಲಿ ಮಾಡಿಕೊಳ್ಳುವುದರಿಂದ ಆ ಆಸೆ ಬಹುಮಟ್ಟಿಗೆ ಇಲ್ಲ.

ಹಿತ್ತಾಳೆ ಟೋಕನ್ ಮತ್ತು ಖಾತೆ ಸಂಖ್ಯೆ

ಫೈಲ್ ಇದ್ದೂ ಕನ್ನಡ ಕಾಣದೇ ಹೋಗುವುದು ಹೇಗೆ? ಹಳೆಯ ಬ್ಯಾಂಕುಗಳಲ್ಲಿ ಕೊಡುತ್ತಿದ್ದ ಹಿತ್ತಾಳೆ ಟೋಕನನ್ನು ನೆನಪು ಮಾಡಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಹದಿನೇಳನೇ ನಂಬರಿನ ಟೋಕನ್ ಹಿಡಿದು ಬೇರೆ ಶಾಖೆಗೆ ಹೋದರೆ ಅಲ್ಲಿ ಹದಿನೇಳು ಎಂದರೆ ಇನ್ಯಾರೋ. ಟೋಕನ್ ಆ ಶಾಖೆಯ ಆ ಕೌಂಟರಿಗೆ ಮಾತ್ರ ಅರ್ಥವಾಗುವ ಸಂಖ್ಯೆ.

ಬರಹ, ನುಡಿ, ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದವುಗಳ ಹಳೆಯ ಫಾಂಟುಗಳು ಟೋಕನ್ ಪದ್ಧತಿಯವು. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನುಡಿಯ ಹಳೆಯ ಫಾಂಟಿನಲ್ಲಿ 'ಕ' ಎಂದು ಬರೆದರೆ ಫೈಲಿನೊಳಗೆ ಕೂರುವುದು ಇಂಗ್ಲಿಷಿನ ಪಿ ಮತ್ತು ಗೀಟು ಹೊತ್ತ ಎ. 'ನ' ಬರೆದರೆ ಪೌಂಡಿನ ಗುರುತು ಮತ್ತು ಅದೇ ಎ. ಫಾಂಟ್ ಇರುವವರೆಗೆ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಹೋದ ದಿನ ಬಣ್ಣ ಬಯಲಾಗುತ್ತದೆ. ಗಿಂಡಿಯ ಹಿರಿಯರು ಹಾಡಿನ ನಡುವೆ ಕಂಡ ಪೌಂಡಿನ ಗುರುತು ಬೇರೇನೂ ಅಲ್ಲ, ನಮ್ಮ 'ನ' ಅಕ್ಷರವೇ.

ಇದರಲ್ಲಿ ಅಂದಿನವರ ತಪ್ಪೇನೂ ಇಲ್ಲ. ಬೇರೆ ದಾರಿ ಸುಲಭವಿಲ್ಲದ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವರು ಅವರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇವು ಇಲ್ಲದಿದ್ದರೆ ಹೊರನಾಡಿನ ಎಷ್ಟೋ ಮನೆಗಳಲ್ಲಿ ಕನ್ನಡ ಟೈಪ್ ಮಾಡುವ ಅಭ್ಯಾಸವೇ ಹುಟ್ಟುತ್ತಿರಲಿಲ್ಲ.

ನಮ್ಮ ತಮಿಳು ನೆರೆಯವರಿಗೂ ಇದೇ ಕಷ್ಟ ಇತ್ತು. ಒಂದು ಫಾಂಟಿನ ತಮಿಳು ಇನ್ನೊಂದರಲ್ಲಿ ಓದಲಾಗದ ಸ್ಥಿತಿಯಲ್ಲಿ 1999ರ ಫೆಬ್ರವರಿಯಲ್ಲಿ ಇದೇ ಚೆನ್ನೈಯಲ್ಲಿ 'ತಮಿಳ್‌ನೆಟ್ 99' ಸಮ್ಮೇಳನ ಸೇರಿ ಒಂದು ಕೀಲಿಮಣೆ, ಒಂದಿಷ್ಟು ಶಿಷ್ಟತೆ ಗೊತ್ತುಮಾಡಿತು. 2010ರಲ್ಲಿ ತಮಿಳುನಾಡು ಸರ್ಕಾರ ಯುನಿಕೋಡ್ ಪದ್ಧತಿಯನ್ನು ಅಂಗೀಕರಿಸಿತು.

ಯುನಿಕೋಡ್ ಎಂದರೆ ಟೋಕನ್ ಬದಲು ಖಾತೆ ಸಂಖ್ಯೆ. ಯಾವ ಶಾಖೆಗೆ ಹೋದರೂ ಅದು ಅದೇ ವ್ಯಕ್ತಿಯ ಖಾತೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ ಪ್ರತ್ಯೇಕ ಸಂಖ್ಯೆಗಳು ಸಿಕ್ಕಿವೆ. 'ಕ' ಅಕ್ಷರದ ಸಂಖ್ಯೆ 3221. ಚೆನ್ನೈಯ ಕಂಪ್ಯೂಟರಿನಲ್ಲೂ ಅಮೆರಿಕದಲ್ಲಿರುವ ಮಗನ ಫೋನಿನಲ್ಲೂ ಅದು 'ಕ'ವೇ. 2001ರ ವಿಂಡೋಸ್ ಎಕ್ಸ್‌ಪಿ 'ತುಂಗ' ಎಂಬ ಕನ್ನಡ ಫಾಂಟಿನೊಂದಿಗೆ ಬಂದಾಗ ಯುನಿಕೋಡ್ ಕನ್ನಡ ಮನೆಯ ಕಂಪ್ಯೂಟರಿಗೂ ಬಂತು. ವಿಂಡೋಸ್ 10ರಿಂದ ತುಂಗವನ್ನು ಬೇಕಾದವರು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಆದರೂ ತುಂಗದಲ್ಲಿ ಬರೆದ ಹಳೆಯ ಫೈಲ್ ಹೊಸ ಯಂತ್ರದಲ್ಲಿ 'ನಿರ್ಮಲ' ಫಾಂಟಿನಲ್ಲಿ ಕಾಣುತ್ತದೆ. ಸಾಲುಗಳು ಸ್ವಲ್ಪ ಆಚೀಚೆ ಆಗಬಹುದು, ಅಕ್ಷರ ಹೋಗುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲೇ.

ಮೊದಲು ತಾಳೆ, ಆಮೇಲೆ ಬದಲಾವಣೆ

ಬ್ಯಾಂಕುಗಳು ಲೆಡ್ಜರಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಕೋರ್ ಬ್ಯಾಂಕಿಂಗಿಗೆ ಹೋದಾಗ ಹಳೆಯ ಪುಸ್ತಕದ ಬಾಕಿಯನ್ನೂ ಹೊಸದರ ಬಾಕಿಯನ್ನೂ ತಾಳೆ ನೋಡದೆ ಯಾರೂ ಹಳೆಯ ಲೆಡ್ಜರನ್ನು ಕಟ್ಟಿಡಲಿಲ್ಲ. ಮನೆಯ ಕಂಪ್ಯೂಟರಿಗೂ ಅದೇ ಶಿಸ್ತು ಸಾಕು.

ಮೊದಲನೆಯದು ಪಟ್ಟಿ. ಒಂದು ಕಾಗದ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಏನೇನಿದೆ, ಎಲ್ಲೆಲ್ಲಿದೆ ಎಂದು ಬರೆಯಿರಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮಾತ್ರವಲ್ಲ, ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಕೂಡ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು ಕಣ್ಣೆದುರೇ ಇರುವುದರಿಂದ ಅದು ಭದ್ರವಾಗಿದೆ ಎಂದು ಅನ್ನಿಸುತ್ತದೆ. ಆದರೆ ಅದು ಇರುವುದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಮಾಡಿದಾಗ ಮೊದಲು ಹೋಗುವುದು ಅದೇ. ಔಟ್‌ಲುಕ್ ಬಳಸುವವರ ಅಂಚೆ, ಟ್ಯಾಲಿಯ ಡಾಟಾ ಫೋಲ್ಡರ್, ಬ್ರೌಸರಿನಲ್ಲಿ ಉಳಿಸಿಟ್ಟ ವಿಳಾಸಗಳು ಮತ್ತು ಪಾಸ್‌ವರ್ಡುಗಳು ಪಟ್ಟಿಯಲ್ಲಿ ಇರಲಿ. ಸಂಘದ ಖಜಾಂಚಿಗಳು ಟ್ಯಾಲಿಯನ್ನು ಮರೆಯಬಾರದು.

ಎರಡನೆಯದು ನಕಲು. ಹೊರಗಿನ ಹಾರ್ಡ್ ಡಿಸ್ಕಿಗೆ ಒಂದು, ಪೆನ್ ಡ್ರೈವ್‌ಗೋ ಇನ್ನೊಂದು ಡಿಸ್ಕಿಗೋ ಮತ್ತೊಂದು. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ ಎಷ್ಟು ಫೈಲ್, ಎಷ್ಟು ಫೋಲ್ಡರ್, ಒಟ್ಟು ಎಷ್ಟು ಬೈಟ್ ಎಂದು ತೋರಿಸುತ್ತದೆ. ಮೂಲದ ಸಂಖ್ಯೆ, ನಕಲಿನ ಸಂಖ್ಯೆ ಎರಡನ್ನೂ ಬರೆದು ತಾಳೆ ನೋಡಿ. ಒಂದು ಬೈಟ್ ವ್ಯತ್ಯಾಸ ಬಂದರೂ ಯಾಕೆ ಎಂದು ಹುಡುಕಿ. ಫೈಲಿನ ಪಕ್ಕದಲ್ಲಿ ಮೋಡದ ಚಿಹ್ನೆ ಕಂಡರೆ ಅದು ಕಂಪ್ಯೂಟರಿನಲ್ಲಿ ಇಲ್ಲ, ಒನ್‌ಡ್ರೈವ್ ಖಾತೆಯಲ್ಲಿ ಮಾತ್ರ ಇದೆ ಎಂದರ್ಥ. ಅದನ್ನು ಮೊದಲು ಇಳಿಸಿಕೊಳ್ಳಿ.

ಮೂರನೆಯದು ಅಕ್ಷರ. ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರ್ ತೆರೆದು ನುಡಿ, ಬಿಆರ್‌ಎಚ್, ಶ್ರೀ ಎಂದು ಆರಂಭವಾಗುವ ಹೆಸರಿನ ಎಲ್ಲ ಫಾಂಟುಗಳನ್ನು ನಕಲು ಮಾಡಿ. ತಂತ್ರಾಂಶದ ಸಿ.ಡಿ. ಇದ್ದರೆ ಅದರ ನಕಲನ್ನೂ ಡಿಸ್ಕಿಗೆ ಹಾಕಿ, ಏಕೆಂದರೆ ಹೊಸ ಕಂಪ್ಯೂಟರುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಕೆಲವು ಡಿಟಿಪಿ ತಂತ್ರಾಂಶಗಳಿಗೆ ಕಂಪ್ಯೂಟರಿನ ಹಿಂಭಾಗಕ್ಕೆ ಸಿಕ್ಕಿಸುವ ಬೀಗದಂಥ ಸಾಧನ ಇರುತ್ತಿತ್ತು. ಅದನ್ನು ಕಸಕ್ಕೆ ಹಾಕಬೇಡಿ.

ನಾಲ್ಕನೆಯದು ಪಿಡಿಎಫ್. ಹಳೆಯ ವ್ಯವಸ್ಥೆ ಇನ್ನೂ ಓಡುತ್ತಿರುವಾಗಲೇ, ಕನ್ನಡ ಸರಿಯಾಗಿ ಕಾಣುತ್ತಿರುವಾಗಲೇ ಮುಖ್ಯವಾದ ಪ್ರತಿ ಫೈಲನ್ನೂ ಪಿಡಿಎಫ್ ಮಾಡಿಕೊಳ್ಳಿ. ವಿಂಡೋಸ್ 10ರಲ್ಲಿ ಪ್ರಿಂಟ್ ಕೊಟ್ಟು ಪ್ರಿಂಟರ್ ಬದಲು ಪಿಡಿಎಫ್ ಆರಿಸಿಕೊಂಡರೆ ಆಯಿತು. ಪಿಡಿಎಫ್‌ನೊಳಗೆ ಅಕ್ಷರದ ಆಕಾರವೂ ಸೇರಿಕೊಳ್ಳುವುದರಿಂದ ಮುಂದೆ ಯಾವ ಯಂತ್ರದಲ್ಲಾದರೂ ಪುಟ ಹಾಗೆಯೇ ಕಾಣುತ್ತದೆ. ಪೇಜ್‌ಮೇಕರ್‌ನಲ್ಲಿ ಮಾಡಿದ ಹಳೆಯ ಸ್ಮರಣ ಸಂಚಿಕೆಗಳಿಗೆ ಇದು ಬಹಳ ಅಗತ್ಯ. ಆ ತಂತ್ರಾಂಶ 7ನೇ ಆವೃತ್ತಿಗೇ ನಿಂತು ಹೋಗಿದೆ.

ಐದನೆಯದು ಪರೀಕ್ಷೆ. ನಕಲು ಮಾಡಿದ ಡಿಸ್ಕನ್ನು ನುಡಿಯಾಗಲಿ ಬರಹವಾಗಲಿ ಇಲ್ಲದ ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಹತ್ತು ಫೈಲ್ ತೆರೆದು, ಕನ್ನಡ ಬಲ್ಲವರು ಓದಿ ನೋಡಿ. ಗಿಂಡಿಯ ಮನೆಯಲ್ಲಿ ಈ ಒಂದು ಕೆಲಸ ಮಾಡಿದ್ದರೆ ಅಂಗಡಿಗೆ ಹೋಗುವ ಮೊದಲೇ ವಿಷಯ ತಿಳಿಯುತ್ತಿತ್ತು.

ಆರನೆಯದು ಬದಲಾವಣೆ. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಂತ್ರಾಂಶ ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಒಗ್ಗುತ್ತದೆಯೇ ಎಂದು ಹೇಳುತ್ತದೆ. ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಅಥವಾ ಅನಂತರದ ಪ್ರೊಸೆಸರ್ ಇರಬೇಕು. ಒಗ್ಗುವುದಾದರೆ ವಿಂಡೋಸ್ 10ರ ಮೇಲೆಯೇ ಹೊಸದನ್ನು ಹಾಕಿ. ಏನನ್ನು ಉಳಿಸಬೇಕು ಎಂದು ಕೇಳಿದಾಗ ವೈಯಕ್ತಿಕ ಫೈಲ್ ಮತ್ತು ತಂತ್ರಾಂಶ ಎರಡನ್ನೂ ಉಳಿಸುವ ಆಯ್ಕೆಯನ್ನೇ ಒತ್ತಿ. ಇಷ್ಟವಾಗದಿದ್ದರೆ ಹತ್ತು ದಿನದೊಳಗೆ ಹಿಂದಿನದಕ್ಕೆ ಮರಳಲು ಅವಕಾಶವಿದೆ. 32 ಬಿಟ್ ವಿಂಡೋಸ್ ಇರುವ ಯಂತ್ರಗಳಲ್ಲಿ ಹೀಗೆ ಮೇಲಿನಿಂದ ಹಾಕಲಾಗದು, ಹೊಸದಾಗಿಯೇ ಹಾಕಬೇಕು. ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ ಬೀಗ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಕೆಲಸ ನಡೆಯುವಾಗ ಕರೆಂಟ್ ಹೋಗದಂತೆ ಯುಪಿಎಸ್ ಇರಲಿ.

ಅಂಗಡಿಗೇ ಕೊಡುವವರಿಗೆ ಇನ್ನೂ ಒಂದು ಸುರಕ್ಷಿತ ದಾರಿ ಇದೆ. ಮೌಂಟ್ ರೋಡ್ ಬದಿಯ ರಿಚಿ ಸ್ಟ್ರೀಟ್‌ನಲ್ಲಾಗಲಿ ಮನೆ ಹತ್ತಿರದ ಅಂಗಡಿಯಲ್ಲಾಗಲಿ ಹೊಸ ಎಸ್‌ಎಸ್‌ಡಿ ಕೊಂಡು, ಹೊಸ ವ್ಯವಸ್ಥೆಯನ್ನು ಅದರ ಮೇಲೆ ಹಾಕಿಸಿ, ಹಳೆಯ ಡಿಸ್ಕನ್ನು ಬಿಚ್ಚಿ ಮನೆಗೆ ತನ್ನಿ. ಅದನ್ನು ಯಾರೂ ಮುಟ್ಟದಿದ್ದರೆ ಏನೂ ಕಳೆಯುವುದಿಲ್ಲ. ಯುಎಸ್‌ಬಿ ಕೇಬಲಿನ ಮೂಲಕ ಸಿಕ್ಕಿಸಿ ಬೇಕಾದ್ದನ್ನು ನಿಧಾನವಾಗಿ ತೆಗೆದುಕೊಳ್ಳಬಹುದು. ಯಂತ್ರವೂ ಮೊದಲಿಗಿಂತ ಚುರುಕಾಗುತ್ತದೆ.

ಹಳೆಯ ಕನ್ನಡವನ್ನು ಹೊಸ ಕನ್ನಡ ಮಾಡುವುದು

ಫಾಂಟ್ ಉಳಿಸಿಕೊಂಡರೆ ಇಂದಿನ ಕೆಲಸ ಆಯಿತು. ಮುಂದಿನ ಸಲ ಮತ್ತೆ ಇದೇ ಪಾಡು ಬರಬಾರದಾದರೆ ಫೈಲುಗಳನ್ನು ಯುನಿಕೋಡಿಗೆ ಬದಲಾಯಿಸಬೇಕು. ನುಡಿ, ಬರಹ ಎರಡರಲ್ಲೂ ಅದಕ್ಕೆ ಸೌಲಭ್ಯ ಇದೆ. ಅಂತರ್ಜಾಲದಲ್ಲೂ ಕನ್ನಡದ ಸ್ವಯಂಸೇವಕರು ರೂಪಿಸಿದ ಉಚಿತ ಪರಿವರ್ತಕಗಳಿವೆ.

ಯಂತ್ರ ಬದಲಾಯಿಸಿ ಕೊಟ್ಟದ್ದನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಹೆಚ್ಚು ತೊಂದರೆ ಬರುವುದು ಅರ್ಕಾವತ್ತಿನಲ್ಲಿ. 'ಕರ್ನಾಟಕ' ಎಂಬ ಪದದ ಅರ್ಕಾವತ್ತನ್ನು ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ 'ನಾ' ಆದ ಮೇಲೆ ಇಟ್ಟುಕೊಂಡಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ 'ರ್' ಮೊದಲು, 'ನಾ' ಆಮೇಲೆ. ಪರಿವರ್ತಕ ಈ ಸ್ಥಳಾಂತರದಲ್ಲಿ ಎಡವಬಹುದು. ಎರಡೆರಡು ಒತ್ತು ಇರುವ ಪದಗಳಲ್ಲೂ ಹಾಗೆಯೇ. ಫೈಲಿನ ನಡುವೆ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿಬಿಡುವುದುಂಟು. ಹೆಸರು, ಇಸವಿ, ಫೋನ್ ನಂಬರ್, ಅಳತೆ ಇವನ್ನು ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಹೋಲಿಸಬೇಕು. ಹೀಗಾಗಿಯೇ ಪಿಡಿಎಫ್ ಮೊದಲು, ಯುನಿಕೋಡ್ ಆಮೇಲೆ.

ಈ ಶ್ರಮಕ್ಕೆ ಪ್ರತಿಫಲವೂ ಇದೆ. ಯುನಿಕೋಡಿನಲ್ಲಿರುವ ಕನ್ನಡವನ್ನು ಹೆಸರು ಕೊಟ್ಟು ಹುಡುಕಬಹುದು, ವಾಟ್ಸ್ಯಾಪ್‌ನಲ್ಲಿ ಕಳುಹಿಸಬಹುದು. ಕನ್ನಡ ಓದಲು ಬಾರದ ಮಕ್ಕಳಿಗೆ ಫೋನೇ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಈಗ ಇದೆ. ಹಳೆಯ ಫಾಂಟಿನ ಫೈಲಿನಿಂದ ಇದಾವುದೂ ಆಗದು.

ಯಂತ್ರವೇ ತೀರ ಹಳತಾಗಿದ್ದರೆ

ವಿಂಡೋಸ್ 11 ಒಗ್ಗದ ಯಂತ್ರಗಳನ್ನು ಎಸೆಯಲೇಬೇಕೆಂದೇನೂ ಇಲ್ಲ. ಲಿನಕ್ಸ್ ಆಧಾರಿತ ಉಬುಂಟು, ಮಿಂಟ್ ಮೊದಲಾದ ಉಚಿತ ವ್ಯವಸ್ಥೆಗಳು ಇಂಥ ಯಂತ್ರಗಳಿಗೆ ಹೊಂದುತ್ತವೆ. ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರದಲ್ಲಿ ಬೆಳೆದ 'ಬಾಸ್' ಲಿನಕ್ಸ್ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಗಮನದಲ್ಲಿಟ್ಟು ಮಾಡಿದ್ದು. 2011ರಲ್ಲಿ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಆರಂಭಿಸಿದಾಗ ಅದರಲ್ಲಿ ವಿಂಡೋಸ್ ಜೊತೆಗೆ ಬಾಸ್ ಕೂಡ ಇತ್ತು.

ಕನ್ನಡಿಗರು ಹೆಮ್ಮೆಪಡುವ ಒಂದು ಸಂಗತಿ ಇಲ್ಲಿದೆ. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕಗಪ' ಎಂಬ ವಿನ್ಯಾಸ ಇದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಅವು. ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಅದೇ ಹೆಸರಿನ ವಿನ್ಯಾಸಗಳು ಅಲ್ಲಿವೆ. ನುಡಿಯಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವ ಕಷ್ಟ ಇಲ್ಲ.

ಲಿನಕ್ಸನ್ನು ಮೊದಲು ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಡಿಸ್ಕಿಗೆ ಹಾಕಿಕೊಳ್ಳುವಾಗ ಇಡೀ ಡಿಸ್ಕ್ ಅಳಿಸುವ ಆಯ್ಕೆಯೂ ಎದುರು ಬರುತ್ತದೆ. ನಕಲು, ತಾಳೆ ಎರಡೂ ಮುಗಿಯದೆ ಅದನ್ನು ಒತ್ತಬಾರದು.

ಎಲ್ಲ ನಕಲೂ ಒಂದೇ ಕಪಾಟಿನಲ್ಲಿ ಬೇಡ

2015ರ ಡಿಸೆಂಬರ್ ಆರಂಭದಲ್ಲಿ ಅಡ್ಯಾರ್ ನದಿ ಉಕ್ಕಿದಾಗ ಸೈದಾಪೇಟೆ, ಈಕಾಟ್ಟುತಾಂಗಲ್, ಜಾಫರ್‌ಖಾನ್‌ಪೇಟೆ, ಕೋಟ್ಟೂರ್‌ಪುರಂಗಳಲ್ಲಿ ನೆಲ ಅಂತಸ್ತಿನ ಮನೆಗಳಿಗೆ ನೀರು ನುಗ್ಗಿದ್ದನ್ನು ಗಿಂಡಿ ಸುತ್ತಿನವರು ಮರೆತಿಲ್ಲ. 2023ರ ಡಿಸೆಂಬರಿನ ಮಿಚೌಂಗ್ ಚಂಡಮಾರುತದಲ್ಲಿ ವೇಳಚ್ಚೇರಿ ಮುಳುಗಿತು. ಕಂಪ್ಯೂಟರ್ ಮೇಜಿನ ಕೆಳಗೆ, ನಕಲು ಮಾಡಿದ ಡಿಸ್ಕ್ ಅದೇ ಮೇಜಿನ ಡ್ರಾಯರಿನಲ್ಲಿ ಇದ್ದರೆ ನೀರಿಗೆ ಎರಡೂ ಒಂದೇ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಈ ವಿದ್ಯೆ ಬಲ್ಲವರ ಸೂತ್ರ. ಬೆಂಗಳೂರಿಗೋ ಊರಿಗೋ ಹೋಗುವಾಗ ಒಂದು ಡಿಸ್ಕ್ ಒಯ್ದು ಅಣ್ಣ ತಮ್ಮಂದಿರ ಮನೆಯಲ್ಲಿಟ್ಟು ಬಂದರೆ ಸೂತ್ರ ಪೂರ್ತಿಯಾಯಿತು.

ಕೋಟ್ಟೂರ್‌ಪುರಂನ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಕಟ್ಟಡಕ್ಕೆ ಬಂದಿರುವ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ಓಲೆಗರಿಗಳೂ ಇವೆ. ಗರಿ ಶಿಥಿಲವಾಗುವ ಮೊದಲೇ ಯಾರೋ ಕುಳಿತು ಹೊಸ ಗರಿಗೆ ಪ್ರತಿ ಮಾಡುತ್ತಿದ್ದರಿಂದಲೇ ಹಳೆಯ ಕಾವ್ಯಗಳು ನಮ್ಮವರೆಗೆ ಬಂದವು. ಗರಿಯ ಬದಲು ಡಿಸ್ಕ್ ಬಂದಿದೆ, ಕೆಲಸ ಅದೇ.

ಸಂಘಗಳು ಮಾಡಬಹುದಾದ್ದು

ಚೆನ್ನೈಯ ಕನ್ನಡ ಸಂಘಗಳ ಸದಸ್ಯರ ಪಟ್ಟಿ, ಮಹಾಸಭೆಯ ನಡಾವಳಿ, ರಾಜ್ಯೋತ್ಸವದ ಸ್ಮರಣ ಸಂಚಿಕೆ, ನಾಟಕದ ಕೈಬರಹ ಎಷ್ಟೋ ಕಡೆ ಯಾರೋ ಒಬ್ಬ ಮಾಜಿ ಕಾರ್ಯದರ್ಶಿಯ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಇರುತ್ತವೆ. ಆ ಮನೆಯವರು ಕಂಪ್ಯೂಟರನ್ನು ಗುಜರಿಗೆ ಹಾಕಿದರೆ ಸಂಘದ ಇತಿಹಾಸವೂ ಗುಜರಿಗೆ. ಒಂದು ಭಾನುವಾರ ಬೆಳಿಗ್ಗೆ ಸಂಘದ ಕಟ್ಟಡದಲ್ಲಿ ನಾಲ್ಕು ಜನ ಕಂಪ್ಯೂಟರ್ ಬಲ್ಲ ಯುವಕ ಯುವತಿಯರು, ನಾಲ್ಕು ಜನ ಕನ್ನಡ ಚೆನ್ನಾಗಿ ಬಲ್ಲ ಹಿರಿಯರು ಸೇರಿದರೆ ಸದಸ್ಯರು ತಂದ ಡಿಸ್ಕುಗಳನ್ನು ನಕಲು ಮಾಡಿ, ಯುನಿಕೋಡಿಗೆ ಬದಲಾಯಿಸಿ, ಓದಿ ತಿದ್ದಿ ಕೊಡಬಹುದು. ಯುವಕರಿಗೆ ಗೊತ್ತಿರುವುದು ಯಂತ್ರ, ಹಿರಿಯರಿಗೆ ಗೊತ್ತಿರುವುದು ಅಕ್ಷರ. ಈ ಕೆಲಸಕ್ಕೆ ಎರಡೂ ಬೇಕು. ಸಂಘಗಳ ಪದಾಧಿಕಾರಿಗಳು ಯೋಚಿಸುವರೇ?

ಗಿಂಡಿಯ ಮನೆಯಲ್ಲಿ ಕಪಾಟು ಹುಡುಕಿದಾಗ ಸೀರೆಗಳ ಕೆಳಗೆ ನುಡಿಯ ಸಿ.ಡಿ. ಸಿಕ್ಕಿತು. ಅದರ ಮೇಲೆ 'ಕನ್ನಡಕ್ಕೆ' ಎಂದು ಪತ್ನಿಯ ಕೈಬರಹ. ನೆರೆಮನೆಯ ತಮಿಳು ಗೆಳೆಯರೊಬ್ಬರು ಸಿ.ಡಿ. ಓದುವ ಹಳೆಯ ಯಂತ್ರ ತಂದುಕೊಟ್ಟರು. ಅಂದೇ ರಾತ್ರಿ ಹಾಡುಗಳು ಮತ್ತೆ ಕನ್ನಡದಲ್ಲಿ ಕಾಣಿಸಿಕೊಂಡವು.

ಈಗ ಅಜ್ಜ ಮೊಮ್ಮಗ ದಿನಕ್ಕೊಂದು ಹಾಡನ್ನು ಯುನಿಕೋಡಿಗೆ ಬದಲಾಯಿಸುತ್ತಿದ್ದಾರೆ. ಅಜ್ಜ ಪಿಡಿಎಫ್ ನೋಡಿ ಓದುತ್ತಾರೆ, ಮೊಮ್ಮಗ ತಿದ್ದುತ್ತಾನೆ. ಮೊದಲ ವಾರ ಅವನು ಅಜ್ಜ ಬೆರಳಿಟ್ಟಲ್ಲಿ ಒತ್ತುತ್ತಿದ್ದ. ಈಚೆಗೆ ಅರ್ಕಾವತ್ತು ತಪ್ಪಿದ್ದನ್ನು ತಾನೇ ಹಿಡಿಯುತ್ತಾನಂತೆ.

"ಡೆಸ್ಕ್‌ಟಾಪಿನದ್ದು ಹೋದದ್ದು ಹೋಯಿತು" ಎನ್ನುತ್ತಾರೆ ಹಿರಿಯರು. "ಅದರಲ್ಲಿ ಎಷ್ಟು ಹಾಡಿತ್ತು ಎಂದು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಲೆಕ್ಕ ಬರೆದೇ ಜೀವನ ಕಳೆದವನು, ಮನೆಯದನ್ನೇ ಎಣಿಸಲಿಲ್ಲ. ಬೇರೆಯವರಾದರೂ ಮೊದಲು ಎಣಿಸಿಕೊಳ್ಳಲಿ."